ಸ ಗ ಪ ಒಟ್ಟಿಗೆ: ಕೀಬೋರ್ಡಿನಲ್ಲಿ ಕಾರ್ಡ್ ಕಲಿಯುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಈ ಮಾತು ಆಡುವಾಗ ನನ್ನ ಮುಂದೆ ಮೇಜಿನ ಮೇಲೆ 61 ಮನೆಯ, ಅಂದರೆ ಒತ್ತುವ 61 ಕೀಗಳ, ಒಂದು ಕೀಬೋರ್ಡ್ ಇತ್ತು. ಮಾತಾಡಿದ್ದಕ್ಕಿಂತ ನುಡಿಸಿ ತೋರಿಸಿದ್ದೇ ಜಾಸ್ತಿ. ಬರಹದಲ್ಲಿ ಅದು ಕೇಳಿಸುವುದಿಲ್ಲ, ಹಾಗಾಗಿ ಒಂದು ಕೇಳಿಕೆ. ಮನೆಯಲ್ಲಿ ಕೀಬೋರ್ಡೋ ಹಾರ್ಮೋನಿಯಮ್ಮೋ ಇದ್ದರೆ ಪಕ್ಕದಲ್ಲಿ ಇಟ್ಟುಕೊಂಡೇ ಓದಿ. ನಾನು ಹೇಳಿದ ಕಡೆ ನಿಲ್ಲಿಸಿ, ಒತ್ತಿ ನೋಡಿ, ಆಮೇಲೆ ಮುಂದಿನ ಸಾಲಿಗೆ ಬನ್ನಿ.

ಸಭೆಯಲ್ಲಿ ಮೊದಲು ಒಂದು ಪ್ರಶ್ನೆ ಕೇಳಿದ್ದೆ. ಇಲ್ಲಿ ಎಷ್ಟು ಜನ ಹಾಡೋದು ಕಲಿತಿದ್ದೀರಿ? ಮುಕ್ಕಾಲು ಪಾಲು ಕೈ ಮೇಲೆದ್ದವು. ಎಷ್ಟು ಜನರ ಮನೆಯಲ್ಲಿ ಕೀಬೋರ್ಡ್ ಇದೆ? ಅರ್ಧ. ಎಡಗೈಯಲ್ಲಿ ಕಾರ್ಡ್, ಅಂದರೆ ಮೂರು ಸ್ವರ ಒಟ್ಟಿಗೆ, ಹಿಡಿಯೋರು ಎಷ್ಟು? ಮೂರೋ ನಾಲ್ಕೋ ಕೈ, ಅದೂ ಅರ್ಧಕ್ಕೇ ನಿಂತವು. ನನ್ನ ಹತ್ತಿರ ಬರುವ ಬಹಳ ಜನರ ಕಥೆಯೂ ಇದೇ. ಸಂಗೀತ ಗೊತ್ತು, ಹಾಡಿನ ಸ್ವರ ಬಲಗೈಯಲ್ಲಿ ಒಂದೊಂದಾಗಿ ಬರುತ್ತದೆ, ಎಡಗೈ ಮಾತ್ರ ತೊಡೆಯ ಮೇಲೆ ಕೂತಿರುತ್ತದೆ. ಯಾರೋ ಒಂದು ಚಾರ್ಟ್ ಕೊಟ್ಟಿರುತ್ತಾರೆ. ಅದರಲ್ಲಿ ನೂರಾರು ಕಾರ್ಡ್, ಒಂದೊಂದಕ್ಕೂ ಒಂದೊಂದು ಚಿತ್ರ. ನಾಲ್ಕು ದಿನ ಬಾಯಿಪಾಠ ಮಾಡಿ ಐದನೇ ದಿನ ಬಿಟ್ಟಿರುತ್ತಾರೆ.

ನನ್ನ ಮಾತು ಒಂದೇ. ಆ ಚಾರ್ಟನ್ನು ಸದ್ಯಕ್ಕೆ ಮಡಚಿ ಇಡಿ. ಸರಿಗಮ ಗೊತ್ತಿರುವವರಿಗೆ ಕಾರ್ಡಿನ ಅರ್ಧ ದಾರಿ ಆಗಲೇ ಸವೆದಿದೆ. ಬಾಕಿ ಅರ್ಧಕ್ಕೆ ಗಂಟಲು ಬೇಕು. ಬೆರಳಲ್ಲಿ ಹಿಡಿದಿದ್ದರ ಮೇಲೆ ಹಾಡಿ ನೋಡಬೇಕು.

ಮುಂದಿನ ಮಾತಿಗೆಲ್ಲ ಒಂದು ಮನೆ ಶ್ರುತಿ ಇಟ್ಟುಕೊಳ್ಳೋಣ. ಅಂದರೆ ಎರಡು ಕಪ್ಪು ಮನೆಗಳ ಜೋಡಿ ಇದೆಯಲ್ಲ, ಅದರ ಎಡಕ್ಕೆ ಅಂಟಿಕೊಂಡಿರುವ ಬಿಳಿ ಮನೆ ನಮ್ಮ ಷಡ್ಜ. ಕೀಬೋರ್ಡಿನವರು ಅದಕ್ಕೆ ಸಿ ಅನ್ನುತ್ತಾರೆ. ಅಲ್ಲಿಂದ ಬರೀ ಬಿಳಿ ಮನೆಗಳ ಮೇಲೆ ಹೋದರೆ ಶಂಕರಾಭರಣ. ಕರ್ನಾಟಕ ಸಂಗೀತದ 29ನೇ ಮೇಳ, ಅಂದರೆ ಮೂಲ ರಾಗ, ಹಿಂದುಸ್ತಾನಿಯವರ ಬಿಲಾವಲ್.

ಈಗ ತಂಬೂರಿ ನೆನಪು ಮಾಡಿಕೊಳ್ಳಿ. ನಾಲ್ಕು ತಂತಿ, ಒಂದು ಪಂಚಮ, ಮೂರು ಷಡ್ಜ. ಶ್ರುತಿ ಚೆನ್ನಾಗಿ ಸೇರಿದ ತಂಬೂರಿಯ ಹತ್ತಿರ ಸುಮ್ನೆ ಕೂತರೆ ಸ್ವಲ್ಪ ಹೊತ್ತಿಗೆ ಇನ್ನೊಂದು ಸ್ವರ ಕೇಳಿಸೋಕೆ ಶುರುವಾಗುತ್ತದೆ. ಗಾಂಧಾರ. ಅದಕ್ಕೆ ತಂತಿಯೇ ಇಲ್ಲ, ಯಾರೂ ಮೀಟಿಲ್ಲ, ಆದರೂ ಕೇಳಿಸುತ್ತದೆ. ತಂತಿಯೊಳಗಿನ ಉಪಸ್ವರಗಳಿಂದ ತಾನಾಗಿ ಹುಟ್ಟುವುದರಿಂದ ಸ್ವಯಂಭು ಗಾಂಧಾರ ಅಂತ ಹೆಸರು. ಮೊದಲ ಸಲ ಅದು ನನ್ನ ಕಿವಿಗೆ ಸಿಕ್ಕಿದ ದಿನ ತಂಬೂರಿ ಕೆಳಗಿಡೋಕೇ ಮನಸ್ಸು ಬರಲಿಲ್ಲ. ಷಡ್ಜ 4 ಸಲ ಅಲುಗುವ ಹೊತ್ತಿಗೆ ಗಾಂಧಾರ 5 ಸಲ, ಪಂಚಮ 6 ಸಲ ಅಲುಗುತ್ತವೆ. ಲೆಕ್ಕ ಅಷ್ಟು ಸರಳವಾಗಿರುವುದರಿಂದಲೇ ಮೂರೂ ಒಂದರೊಳಗೊಂದು ಕೂರುತ್ತವೆ.

ಸ, ಗ, ಪ. ಇದೇ ಮೇಜರ್ ಕಾರ್ಡ್. ತಂಬೂರಿ ಇಟ್ಟುಕೊಂಡು ಹಾಡಿದ ದಿನದಿಂದ ನೀವು ಇದನ್ನು ಕೇಳುತ್ತಲೇ ಇದ್ದೀರಿ. ಕೀಬೋರ್ಡಿನ ಗಾಂಧಾರ ತಂಬೂರಿಯದ್ದಕ್ಕಿಂತ ಕೂದಲೆಳೆಯಷ್ಟು ಮೇಲೆ ಇರುತ್ತದೆ, ಯಾಕಂದ್ರೆ ಒಂದು ಸ್ಥಾಯಿಯನ್ನು, ಅಂದರೆ ಷಡ್ಜದಿಂದ ಮೇಲಿನ ಷಡ್ಜದವರೆಗಿನ ದೂರವನ್ನು, 12 ಸಮ ಪಾಲು ಮಾಡಿ ಅದರಲ್ಲಿ ಒಂದು ಪಾಲಿನ ಮೇಲೆ ಅದನ್ನು ಕೂರಿಸಿದ್ದಾರೆ. ಕಿವಿ ಚುರುಕಾದವರಿಗೆ ಅದು ಚುಚ್ಚುತ್ತದೆ. ಚುಚ್ಚಿದರೆ ಒಳ್ಳೆಯದೇ, ಕಿವಿ ಕೆಲಸ ಮಾಡ್ತಿದೆ ಅಂತ ಅರ್ಥ.

ಎಡಗೈ ಇಡಿ. ಕಿರುಬೆರಳು ಷಡ್ಜದ ಮೇಲೆ, ನಡುಬೆರಳು ಗಾಂಧಾರದ ಮೇಲೆ, ಹೆಬ್ಬೆರಳು ಪಂಚಮದ ಮೇಲೆ. ಮೂರನ್ನೂ ಒಟ್ಟಿಗೆ ಒತ್ತಿ. ಈಗ ಕಪ್ಪು ಬಿಳಿ ಎರಡನ್ನೂ ಸೇರಿಸಿ ಮನೆ ಎಣಿಸಿ. ಷಡ್ಜ ಬಿಟ್ಟು ನಾಲ್ಕನೇ ಮನೆ ಗಾಂಧಾರ. ಅಲ್ಲಿಂದ ಮೂರನೇ ಮನೆ ಪಂಚಮ. ನಾಲ್ಕು, ಮೂರು. ಕೀಬೋರ್ಡಿನ ಯಾವ ಮನೆಯಿಂದ ಶುರು ಮಾಡಿ ನಾಲ್ಕು ಮೂರು ಎಣಿಸಿದರೂ ಮೇಜರ್ ಕಾರ್ಡ್ ಬರುತ್ತದೆ. ಚಾರ್ಟಿನ 12 ಚಿತ್ರ ಇಲ್ಲಿಗೆ ಮುಗಿದವು.

ನಡುಬೆರಳನ್ನು ಒಂದೇ ಒಂದು ಮನೆ ಎಡಕ್ಕೆ, ಕಪ್ಪು ಮನೆಗೆ ಸರಿಸಿ. ಅಂತರ ಗಾಂಧಾರ ಹೋಗಿ ಸಾಧಾರಣ ಗಾಂಧಾರ ಬಂತು. ಲೆಕ್ಕ ಈಗ ಮೂರು, ನಾಲ್ಕು. ಇದು ಮೈನರ್. ಪುಸ್ತಕಗಳಲ್ಲಿ ಮೇಜರ್ ಅಂದ್ರೆ ಸಂತೋಷ, ಮೈನರ್ ಅಂದ್ರೆ ದುಃಖ ಅಂತ ಬರೆದಿರುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಖರಹರಪ್ರಿಯದಲ್ಲಿ ಸಾಧಾರಣ ಗಾಂಧಾರವೇ ಇರೋದು, ಅದನ್ನು ಯಾರಾದರೂ ಅಳುವ ರಾಗ ಅಂತಾರಾ? ಸಂತೋಷ ದುಃಖ ಅಂತ ಹೆಸರಿಟ್ಟುಕೊಂಡು ಕಲಿತರೆ ಕಿವಿ ಆ ಹೆಸರನ್ನೇ ಹುಡುಕುತ್ತದೆ. ಎರಡು ಗಾಂಧಾರಗಳನ್ನು ಬೇರೆ ಬೇರೆ ಹಾಡೋಕೆ ನಿಮಗೆ ಬರುತ್ತದಲ್ಲ, ಅದೇ ವ್ಯತ್ಯಾಸ ಇಲ್ಲೂ ಇದೆ ಅಂತ ತಿಳಿದರೆ ಸಾಕು.

ಮುಂದಿನದು ಸ್ವಲ್ಪ ನಿಧಾನವಾಗಿ ಓದಿ, ಕೈ ಕಲಿಯೋದು ಇಲ್ಲಿಯೇ. ಶಂಕರಾಭರಣದಲ್ಲಿ ಮೂರು ಮೇಜರ್ ಕಾರ್ಡ್ ಇವೆ: ಸ ಗ ಪ, ಮ ಧ ಸ, ಪ ನಿ ರಿ. ಈ ಮೂರನ್ನು ಸೇರಿಸಿದರೆ ಏಳು ಸ್ವರವೂ ಬಂದುಬಿಡುತ್ತವೆ, ಒಮ್ಮೆ ಎಣಿಸಿ ನೋಡಿ. ಅದಕ್ಕೇ ಈ ಮೂರು ಗೊತ್ತಿದ್ದರೆ ಎಷ್ಟೋ ಹಾಡು ನಡೆದುಬಿಡುತ್ತವೆ. ಆದರೆ ಹೊಸಬರು ಏನು ಮಾಡ್ತಾರೆ ಅಂದ್ರೆ, ಸ ಗ ಪ ಹಿಡಿದ ಕೈಯನ್ನು ಹಾಗೇ ಎತ್ತಿ ಮಧ್ಯಮಕ್ಕೆ ಹಾರಿಸ್ತಾರೆ, ಅಲ್ಲಿಂದ ಪಂಚಮಕ್ಕೆ, ಮತ್ತೆ ಷಡ್ಜಕ್ಕೆ. ಕಣ್ಣು ಕೈಯ ಹಿಂದೆ ಓಡುತ್ತದೆ, ತಾಳ ತಪ್ಪುತ್ತದೆ, ಕೇಳೋದಕ್ಕೂ ಪ್ರತಿಸಲ ಯಾರೋ ಮೆಟ್ಟಿಲು ಹಾರಿದ ಹಾಗೆ ಇರುತ್ತದೆ.

ಕೈ ಎತ್ತಲೇಬೇಡಿ. ಸ ಗ ಪ ಹಿಡಿದಿದ್ದೀರಿ. ಮಧ್ಯಮದ ಕಾರ್ಡಿಗೆ ಬೇಕಾದ್ದು ಮ, ಧ, ಸ. ಅದರಲ್ಲಿ ಷಡ್ಜ ಆಗಲೇ ಕಿರುಬೆರಳ ಕೆಳಗಿದೆ. ಅದನ್ನು ಹಾಗೇ ಬಿಡಿ. ತೋರುಬೆರಳನ್ನು ಮಧ್ಯಮದ ಮೇಲೆ ಇಳಿಸಿ, ಹೆಬ್ಬೆರಳನ್ನು ಪಂಚಮದಿಂದ ಪಕ್ಕದ ಧೈವತಕ್ಕೆ ಸರಿಸಿ. ಸ ಮ ಧ. ಅವೇ ಮೂರು ಸ್ವರ, ಕೂತ ಕ್ರಮ ಮಾತ್ರ ಬೇರೆ. ವಾಪಸ್ ಸ ಗ ಪ ಗೆ ಬನ್ನಿ. ಈಗ ಪಂಚಮದ ಕಾರ್ಡು: ಪ, ನಿ, ರಿ. ಹೆಬ್ಬೆರಳು ಪಂಚಮದ ಮೇಲೇ ಇದೆ, ಕದಲಿಸಬೇಡಿ. ನಡುಬೆರಳು ಗಾಂಧಾರದಿಂದ ರಿಷಭಕ್ಕೆ ಇಳಿಯಲಿ, ಕಿರುಬೆರಳು ಷಡ್ಜದಿಂದ ಕೆಳಗಿನ ನಿಷಾದಕ್ಕೆ ಇಳಿಯಲಿ. ನಿ ರಿ ಪ. ಇದಕ್ಕೆ ಇನ್ವರ್ಷನ್ ಅನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ಎರಡು ಬೆರಳಿನದು.

ಈ ಮೂರನ್ನು ಕಣ್ಣು ಮುಚ್ಚಿಕೊಂಡು, ನಾಲ್ಕು ನಾಲ್ಕು ಎಣಿಕೆಗೆ ಒಂದರಂತೆ, ದಿನಾ ಹತ್ತು ನಿಮಿಷ ಮಾಡಿ. ಎಣಿಕೆ ಹೊಡೆಯುವ ಮೆಟ್ರೋನೋಮನ್ನು ನಿಮಿಷಕ್ಕೆ 60ಕ್ಕೆ ಇಡಿ, ಅದಕ್ಕಿಂತ ಜಾಸ್ತಿ ಬೇಡ. ಎಷ್ಟು ದಿನ ಅಂತ ಕೇಳಬೇಡಿ, ಬೆರಳು ತಾನೇ ಹೋಗಿ ಕೂರುವವರೆಗೆ.

ಕೈ ಇಷ್ಟು ಕಲಿತ ಮೇಲೆ ಗಂಟಲಿನ ಕೆಲಸ. ಷಡ್ಜ ಒಂದನ್ನೇ ಉದ್ದಕ್ಕೆ ಹಾಡಿ. ಅದರ ಕೆಳಗೆ ಮೊದಲು ಸ ಗ ಪ ಹಿಡಿಯಿರಿ. ಷಡ್ಜ ನಿಲ್ಲಿಸದೆ ಮ ಧ ಸ ಕ್ಕೆ ಹೋಗಿ. ಆಮೇಲೆ ಧ ಸ ಗ, ಅದು ಮೈನರ್. ನೀವು ಹಾಡುತ್ತಿರುವುದು ಅದೇ ಷಡ್ಜ, ಒಂದೆಳೆಯೂ ಬದಲಾಗಿಲ್ಲ. ಆದರೆ ಮೊದಲನೆಯದರಲ್ಲಿ ಅದು ಮನೆ ಸೇರಿದ ಹಾಗೆ ಕೇಳಿಸುತ್ತದೆ, ಎರಡನೆಯದರಲ್ಲಿ ಎಲ್ಲೋ ಮೇಲೆ ತೇಲಿದ ಹಾಗೆ, ಮೂರನೆಯದರಲ್ಲಿ ಏನೋ ನೆನಪಾಗಿ ನಿಂತ ಹಾಗೆ. ಸಭೆಯಲ್ಲಿ ಎಲ್ಲರ ಕೈಲೂ ಷಡ್ಜ ಹಿಡಿಸಿ ಕೆಳಗೆ ಈ ಮೂರನ್ನು ನುಡಿಸಿದಾಗ, ಮೂರನೆಯದು ಬಂದ ತಕ್ಷಣ ಎಷ್ಟೋ ಜನ ತಲೆ ಎತ್ತಿ ಕೀಬೋರ್ಡಿನ ಕಡೆ ನೋಡಿದರು. ಕಾರ್ಡ್ ಅನ್ನುವುದು ಯಾಕೆ ಬೇಕು ಅಂತ ನನ್ನನ್ನು ಕೇಳಿದರೆ ನಾನು ಇದನ್ನೇ ತೋರಿಸೋದು.

ಏಳು ಸ್ವರದಲ್ಲಿ ಒಂದೊಂದರಿಂದಲೂ, ನಡುವೆ ಒಂದೊಂದು ಸ್ವರ ಬಿಟ್ಟು, ಒಂದು ಕಾರ್ಡ್ ಕಟ್ಟಬಹುದು. ಹಾಗೆ ನೋಡಿದರೆ ಯಾವ ಸ್ವರವನ್ನೇ ತಗೊಳ್ಳಿ, ಅದು ಮೂರು ಕಾರ್ಡುಗಳಲ್ಲಿ ಇರುತ್ತದೆ. ಹಾಡಿಗೆ ಕಾರ್ಡ್ ಹುಡುಕೋದು ಅಂದ್ರೆ ಇಷ್ಟೇ: ಸಾಲನ್ನು ಹಾಡಿ, ದನಿ ಎಲ್ಲಿ ನಿಂತಿತು ನೋಡಿ, ಆ ಸ್ವರ ಇರುವ ಮೂರು ಕಾರ್ಡುಗಳನ್ನು ಒಂದೊಂದಾಗಿ ಕೆಳಗೆ ಇಟ್ಟು ಕೇಳಿ. ಯಾವುದರ ಮೇಲೆ ಮಾತಿನ ಅರ್ಥ ಸರಿಯಾಗಿ ಕೂರುತ್ತದೋ ಅದು ನಿಮ್ಮದು. ಓಡಿಹೋಗುವ ಸ್ವರಗಳಿಗೆಲ್ಲ ಕಾರ್ಡ್ ಹುಡುಕಬೇಡಿ. ಒಂದು ಸಾಲಿಗೆ ಒಂದೋ ಎರಡೋ ಸಾಕು.

ಯಾವಾಗ ಬದಲಾಯಿಸಬೇಕು ಅಂತ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ, ಯಾಕಂದ್ರೆ ತಪ್ಪು ಕಾರ್ಡಿಗಿಂತ ತಪ್ಪು ಹೊತ್ತಿನಲ್ಲಿ ಬಂದ ಕಾರ್ಡು ಜಾಸ್ತಿ ಕೆಡಿಸುತ್ತದೆ. ನಮ್ಮ ಹಾಡುಗಳಲ್ಲಿ ಎಷ್ಟೋ ಸಲ ಎತ್ತುಗಡೆ ಸಮದ ಮೇಲೆ ಇರುವುದಿಲ್ಲ. ತಾಳದ ಮೊದಲ ಪೆಟ್ಟು ಬಿದ್ದು, ಅರ್ಧವೋ ಒಂದೋ ಎಣಿಕೆ ಕಳೆದು ಆಮೇಲೆ ಮಾತು ಶುರುವಾಗುತ್ತದೆ. ಹೊಸಬರು ಮಾತಿನ ಜೊತೆ ಕಾರ್ಡ್ ಒತ್ತುತ್ತಾರೆ. ಬೇಡ. ಕಾರ್ಡು ತಾಳದ ಜೊತೆ, ಸಮದ ಮೇಲೆ ಬರಲಿ. ಹಾಡುವವರು ಉಸಿರು ತಗೊಂಡು ಬಾಯಿ ತೆರೆಯುವ ಹೊತ್ತಿಗೆ ಕೆಳಗೆ ಚಾಪೆ ಹಾಸಿ ಆಗಿರಬೇಕು.

ಇನ್ನೊಂದು ಸಣ್ಣ ವಿಷಯ. ಕೀಬೋರ್ಡಿನ ತೀರಾ ಎಡತುದಿಯಲ್ಲಿ ಮೂರು ಸ್ವರ ಒತ್ತೊತ್ತಾಗಿ ಹಿಡಿದರೆ ಗೊಜ್ಜಾಗುತ್ತದೆ. ಅಲ್ಲಿ ಷಡ್ಜ ಪಂಚಮ ಮಾತ್ರ ಸಾಕು, ಗಾಂಧಾರ ಮೇಲಿರಲಿ.

ಆಟೋ ಅಕಂಪನಿಮೆಂಟ್, ಅಂದರೆ ಕೀಬೋರ್ಡೇ ತಾನಾಗಿ ಪಕ್ಕವಾದ್ಯ ನುಡಿಸುವುದು, ಅದರ ಬಗ್ಗೆ ಹೇಳಲೇಬೇಕು, ಎಲ್ಲರ ಕೀಬೋರ್ಡಿನಲ್ಲೂ ಇದೆ. ಕ್ಯಾಸಿಯೋ ಕಂಪನಿಯ ಮೊದಲ ಎಲೆಕ್ಟ್ರಾನಿಕ್ ವಾದ್ಯ, ಕ್ಯಾಸಿಯೋಟೋನ್ 201, ಬಂದಿದ್ದು 1980ರಲ್ಲಿ. ಆಮೇಲೆ ನಮ್ಮ ಕಡೆ ಯಾವ ಕಂಪನಿಯ ಕೀಬೋರ್ಡನ್ನು ಕಂಡರೂ ಕ್ಯಾಸಿಯೋ ಅಂತಲೇ ಕರೆಯುವಷ್ಟು ಅದು ಮನೆಮಾತಾಯಿತು. ಈ ಬಗೆಯ ವಾದ್ಯಗಳು ಮಾಡಿದ ದೊಡ್ಡ ಉಪಕಾರ, ಪಿಯಾನೋ ಕೊಳ್ಳಲಾಗದ ಮನೆಗೂ ಕಾರ್ಡನ್ನು ತಂದುಕೊಟ್ಟಿದ್ದು. ಒಂದು ಬೆರಳಲ್ಲಿ ಒಂದು ಮನೆ ಒತ್ತಿದರೆ ಪೂರ್ತಿ ಕಾರ್ಡು, ತಾಳ, ಬೇಸ್ ಎಲ್ಲ ಬರುತ್ತದೆ. ಮಕ್ಕಳಿಗೆ ಅದು ಹಬ್ಬ, ಅದನ್ನು ಕಿತ್ತುಕೊಳ್ಳಬೇಡಿ. ಆದರೆ ಅದರಿಂದ ಕೈ ಕಲಿಯುವುದಿಲ್ಲ. ಮೈನರ್ ಬೇಕಾದರೆ ಒಂದು ಕಂಪನಿಯದರಲ್ಲಿ ಬಲಗಡೆ ಇನ್ನೊಂದು ಮನೆ ಸೇರಿಸಿ ಒತ್ತಬೇಕು, ಇನ್ನೊಂದು ಕಂಪನಿಯದರಲ್ಲಿ ಎಡಗಡೆಯ ಕಪ್ಪು ಮನೆ ಒತ್ತಬೇಕು. ವಾದ್ಯ ಬದಲಾದರೆ ಕಲಿತದ್ದು ಹೋಯಿತು. ಮೂರೂ ಬೆರಳಲ್ಲಿ ಕಲಿತದ್ದು ಹಾರ್ಮೋನಿಯಂ ಮೇಲೂ ನಡೆಯುತ್ತದೆ, ಪಿಯಾನೋ ಮೇಲೂ ನಡೆಯುತ್ತದೆ. ಹಾಗಾಗಿ ಫಿಂಗರ್ಡ್ ಮೋಡ್‌ಗೆ, ಅಂದರೆ ಕಾರ್ಡಿನ ಸ್ವರಗಳನ್ನೆಲ್ಲ ನಾವೇ ಒತ್ತಬೇಕಾದ ಸೆಟ್ಟಿಂಗ್‌ಗೆ, ಹಾಕಿಕೊಂಡು ಕಲಿಯಿರಿ.

ಇಡೀ ಕೀಬೋರ್ಡಿನ ಶ್ರುತಿಯನ್ನು ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಬಟನ್ ಬಗ್ಗೆ ನನಗೆ ಅಷ್ಟು ಬೇಸರವಿಲ್ಲ. ಐದೂವರೆ ಶ್ರುತಿಯಲ್ಲಿ ಹಾಡುವವರ ಜೊತೆ ಕೂತಾಗ ಕಪ್ಪು ಮನೆಗಳ ಮಧ್ಯೆ ತಡಕಾಡುವುದಕ್ಕಿಂತ ಬಟನ್ ಒತ್ತುವುದು ಮೇಲು. ಹಾಡು ಮುಗಿದ ತಕ್ಷಣ ಸೊನ್ನೆಗೆ ತನ್ನಿ, ಮುಂದಿನ ಗಾಯಕರ ಶ್ರುತಿ ಕೇಳಿ, ಆಮೇಲೆ ಕೈ ಇಡಿ.

ಈಗ ನನಗೆ ತುಂಬ ಹತ್ತಿರದ ವಿಷಯ. ರಾಗ.

ಸುಮಾರು ವರ್ಷಗಳ ಹಿಂದೆ ಒಂದು ಸಣ್ಣ ಕಾರ್ಯಕ್ರಮದಲ್ಲಿ ಹಿರಿಯ ಗಾಯಕಿಯೊಬ್ಬರಿಗೆ ಕೀಬೋರ್ಡ್ ನುಡಿಸೋಕೆ ಕೂತಿದ್ದೆ. ಹಾಡು ಹಿಂದೋಳದಲ್ಲಿತ್ತು. ಸಾಧಾರಣ ಗಾಂಧಾರ ಇದೆ, ಅಂದ ಮೇಲೆ ಮೈನರ್, ಅಂತ ಲೆಕ್ಕ ಹಾಕಿ ಪಲ್ಲವಿಯ ಕೆಳಗೆ ಷಡ್ಜದ ಮೈನರ್ ಕಾರ್ಡ್ ಹಿಡಿದೆ. ಅವರು ಷಡ್ಜದ ಮೇಲೆ ನಿಂತಿದ್ದರು. ಒಂದು ಕ್ಷಣ ನನ್ನ ಕಡೆ ತಿರುಗಿದರು, ಏನೂ ಹೇಳದೆ ಮುಂದುವರಿಸಿದರು. ಎರಡನೇ ಸಲ ಪಲ್ಲವಿ ಬಂದಾಗಲೂ ಅದನ್ನೇ ಹಿಡಿದೆ. ಮೂರನೇ ಸಲಕ್ಕೆ ಅವರ ದನಿಯೇ ಸ್ವಲ್ಪ ಸಣ್ಣದಾಯಿತು, ಕಾಲಿಡೋಕೆ ಜಾಗ ಹುಡುಕುವವರ ಹಾಗೆ. ಕಾರ್ಯಕ್ರಮ ಮುಗಿದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ಕೇಳಿದರು, "ಹಿಂದೋಳಕ್ಕೆ ಪಂಚಮ ಎಲ್ಲಿಂದ ತಂದೆಯಮ್ಮಾ?"

ಹಿಂದೋಳದಲ್ಲಿ ರಿಷಭ ಇಲ್ಲ, ಪಂಚಮ ಇಲ್ಲ. ಪಂಚಮ ಇಲ್ಲದಿರುವುದೇ ಅದರ ಜೀವ. ನಾನು ಅದನ್ನು ಎಡಗೈಯಲ್ಲಿ ಹಾಡಿನುದ್ದಕ್ಕೂ ಒತ್ತಿ ಹಿಡಿದಿದ್ದೆ. ಅವತ್ತು ರಾತ್ರಿ ಮನೆಗೆ ಹೋಗಿ ರಾಗದ ಐದು ಸ್ವರ ಕಾಗದದ ಮೇಲೆ ಬರೆದು, ಇವುಗಳಲ್ಲಿ ಯಾವ ಕಾರ್ಡ್ ಆಗುತ್ತದೆ ಅಂತ ಒಂದೊಂದಾಗಿ ಎಣಿಸಿದೆ. ಸ, ಗ, ಮ, ಧ, ನಿ. ಎರಡೇ ಸಿಕ್ಕಿದವು. ಮ ಧ ಸ, ಅದು ಮೈನರ್. ಧ ಸ ಗ, ಅದು ಮೇಜರ್. ಷಡ್ಜದ ಮೇಲೆ ಕಟ್ಟುವ ಕಾರ್ಡೇ ಆ ರಾಗದಲ್ಲಿ ಇಲ್ಲ. ಆದರೆ ಎರಡರಲ್ಲೂ ಷಡ್ಜ ಇದೆ ನೋಡಿ, ಗಾಯಕಿ ಷಡ್ಜದ ಮೇಲೆ ನಿಂತಾಗ ಎರಡರಲ್ಲಿ ಯಾವುದು ಹಿಡಿದರೂ ಆಸರೆ ಸಿಗುತ್ತಿತ್ತು. ಅವರ ಆ ಪ್ರಶ್ನೆಗೆ ನಾನು ಇವತ್ತಿಗೂ ಋಣಿ.

ಅವತ್ತಿನಿಂದ ಹೊಸ ಹಾಡು ಬಂದರೆ ಮೊದಲು ಸ್ವರ ಬರೆಯುತ್ತೇನೆ, ಆಮೇಲೆ ಕಾರ್ಡು ಎಣಿಸುತ್ತೇನೆ. ನೀವೂ ಮಾಯಾಮಾಳವಗೌಳ ಎಣಿಸಿ ನೋಡಿ, ಸರಳೆ ವರಸೆಯಿಂದ ಎಲ್ಲರಿಗೂ ಗೊತ್ತಿರುವ ರಾಗ. ಸ ಗ ಪ ಮೇಜರ್ ಸಿಗುತ್ತದೆ. ಮ ಧ ಸ ಈಗ ಮೈನರ್, ಧೈವತ ಕೆಳಗಿದೆಯಲ್ಲ. ರಿ ಮ ಧ ಮೇಜರ್, ಷಡ್ಜಕ್ಕೆ ಒಂದೇ ಮನೆ ಮೇಲೆ, ಅದನ್ನು ಸ ಗ ಪ ಆದ ಮೇಲೆ ನುಡಿಸಿದರೆ ಬಾಗಿಲು ತೆರೆದ ಹಾಗಿರುತ್ತದೆ. ಆದರೆ ಪ ನಿ ರಿ ಒತ್ತಿ ನೋಡಿ, ಕುಂಟುತ್ತದೆ. ಶುದ್ಧ ರಿಷಭ ಪಂಚಮದ ಜೊತೆ ಕೂರುವುದಿಲ್ಲ. ಎಲ್ಲ ಪುಸ್ತಕಗಳೂ ಮೊದಲ ಪಾಠದಲ್ಲಿ ಕಲಿಸುವ ಕಾರ್ಡು ನಮ್ಮ ಮೊದಲ ಪಾಠದ ರಾಗದಲ್ಲಿ ಕೆಲಸಕ್ಕೆ ಬರುವುದಿಲ್ಲ! ಸರಳೆ ವರಸೆ ಕಲಿತ ಮಗು ಕೀಬೋರ್ಡ್ ಪುಸ್ತಕ ತೆರೆದಾಗ ಎಲ್ಲೋ ಸರಿಹೋಗ್ತಿಲ್ಲ ಅನ್ನಿಸಿದರೆ ಅದು ಮಗುವಿನ ತಪ್ಪಲ್ಲ.

ಇನ್ನು ತೋಡಿಯಂಥ ರಾಗ. ಅದರ ಗಾಂಧಾರ ಒಂದು ಮನೆಯಲ್ಲಿ ನಿಲ್ಲುವುದೇ ಇಲ್ಲ, ಅಲುಗುತ್ತಲೇ ಇರುತ್ತದೆ. ಅದರ ಕೆಳಗೆ ಗಾಂಧಾರವನ್ನು ಮೊಳೆ ಹೊಡೆದ ಹಾಗೆ ಹಿಡಿದರೆ ಹಾಡುವವರಿಗೆ ಹಿಂಸೆ. ಅಲ್ಲಿ ನಾನು ಕಾರ್ಡೇ ಹಾಕುವುದಿಲ್ಲ, ಷಡ್ಜ ಹಿಡಿದು ಕೂರುತ್ತೇನೆ. ಹಾರ್ಮೋನಿಯಂಗೆ ಆಕಾಶವಾಣಿ 1940ರಲ್ಲಿ ನಿಷೇಧ ಹಾಕಿದಾಗ ಹೇಳಿದ ಕಾರಣಗಳಲ್ಲಿ ಇದೂ ಒಂದು, ಮನೆಯಿಂದ ಮನೆಗೆ ಜಾರಲು ಅದಕ್ಕೆ ಆಗುವುದಿಲ್ಲ ಅಂತ. ನಿಷೇಧ ಹಾಕಿದ್ದು ಸರಿಯಲ್ಲ ಅಂತ ನನ್ನ ಅಭಿಪ್ರಾಯ, ಆದರೆ ಆ ಮಾತಿನಲ್ಲಿ ಸತ್ಯ ಇದೆ. ಕೀಬೋರ್ಡಿನವರು ಅದನ್ನು ಮರೆಯಬಾರದು.

"ಹಾಗಾದ್ರೆ ಕಾರ್ಡ್ ನಮ್ಮದಲ್ಲ ಅಂತಾಯ್ತಲ್ಲ ಮೇಡಂ, ಯಾಕೆ ಬೇಕು?" ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಮಿಶನರಿ ಸಂಸ್ಥೆಯವರು ಮಂಗಳೂರಿಗೆ ಬಂದಿದ್ದು 1834ರಲ್ಲಿ. ಅವರ ಚರ್ಚ್ ಸಭೆಗಳಲ್ಲಿ ಕನ್ನಡ ಗೀತೆಗಳನ್ನೇ ನಾಲ್ಕು ದನಿಯಲ್ಲಿ ಹಾಡುವ ರೂಢಿ ಬಂತು. ಅಲ್ಲಿ ಹಾಡಿ ಬೆಳೆದವರಿಗೆ ಕಾರ್ಡು ಹೊರಗಿನದಲ್ಲ, ಅಜ್ಜಿಯ ಕಾಲದ್ದು. ಮೈಸೂರಿನ ಜಯಚಾಮರಾಜ ಒಡೆಯರು ಪಿಯಾನೋ ಅಭ್ಯಾಸ ಮಾಡಿದವರು, ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ಅವರೇ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಒಂದೇ ಕಿವಿಯಲ್ಲಿ ಎರಡಕ್ಕೂ ಜಾಗ ಇತ್ತು. ಪ್ರಶ್ನೆ ಕೇಳಿದವರಿಗೆ ನಾನು ಹೇಳಿದ್ದು ಇಷ್ಟೇ: ಕೃತಿಗೆ ಕಾರ್ಡ್ ಹಾಕಿ ಅಂತ ನಾನು ಹೇಳ್ತಿಲ್ಲ. ಭಾವಗೀತೆಗೆ, ಸಿನಿಮಾ ಹಾಡಿಗೆ, ಶಾಲೆಯ ಪ್ರಾರ್ಥನೆಗೆ, ಮಕ್ಕಳ ಹಾಡಿಗೆ ಹಾಕುವಾಗ ರಾಗಕ್ಕೆ ಗಾಯ ಆಗದ ಹಾಗೆ ಹಾಕಿ.

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಮೇಜಿನ ಹತ್ತಿರ ಬಂದಳು, ಎಂಟನೇ ಕ್ಲಾಸಂತೆ, ಜೊತೆಗೆ ಅಮ್ಮ. "ಮಿಸ್, ನಂಗೆ ಮೋಹನ ರಾಗ ಬರುತ್ತೆ, ಅದಕ್ಕೆ ಎಷ್ಟು ಕಾರ್ಡ್?" ಅಂದಳು. ನೀನೇ ಎಣಿಸು ಪುಟ್ಟಾ ಅಂದೆ. ಸ, ರಿ, ಗ, ಪ, ಧ. ಬಾಯಲ್ಲಿ ಸ್ವರ ಹೇಳಿಕೊಳ್ಳುತ್ತಾ, ಬೆರಳಲ್ಲಿ ನಾಲ್ಕು ಮೂರು, ಮೂರು ನಾಲ್ಕು ಅಂತ ಮನೆ ಎಣಿಸುತ್ತಾ ನಿಂತಳು. ಸ ಗ ಪ ತಕ್ಷಣ ಸಿಕ್ಕಿತು. ರಿ ಯಿಂದ ಶುರು ಮಾಡಿದಳು, ಮಧ್ಯಮ ಇಲ್ಲ, ಬಿಟ್ಟಳು. ಗ ದಿಂದ, ನಿಷಾದ ಇಲ್ಲ. ಪ ದಿಂದಲೂ ಆಗಲಿಲ್ಲ. ಧ ಸ ಗ ಹತ್ತಿರ ಬಂದು ನಿಂತಳು, ಮೂರು ನಾಲ್ಕು, ಮೈನರ್. "ಎರಡೇ," ಅಂದಳು.

ಹತ್ತಿರದಲ್ಲೇ ಹಿಡಿಯೋಕೆ ಆಗುತ್ತಾ ನೋಡು ಅಂದೆ. ಸ ಗ ಪ ಮೇಲೆ ಎಡಗೈ ಇಟ್ಟು ಸ್ವಲ್ಪ ಹೊತ್ತು ಬೆರಳುಗಳನ್ನೇ ನೋಡಿದಳು. ಆಮೇಲೆ ಕಿರುಬೆರಳು, ನಡುಬೆರಳು ಕದಲಿಸದೆ ಹೆಬ್ಬೆರಳೊಂದನ್ನೇ ಪಂಚಮದಿಂದ ಧೈವತಕ್ಕೆ ಸರಿಸಿದಳು. ಗಾಂಧಾರ ಹಾಡುತ್ತಾ ಹೆಬ್ಬೆರಳನ್ನು ಆಚೆ ಈಚೆ, ಆಚೆ ಈಚೆ ಸರಿಸುತ್ತಲೇ ಇದ್ದಳು. ಅವರಮ್ಮ ಬಸ್ಸಿಗೆ ಹೊತ್ತಾಯ್ತು ಬಾರೇ ಅಂತ ಎರಡು ಸಲ ಕರೆದರು.